ಆಮೆಯ ಚಿಪ್ಪಿಗೆ ತಗಲುವ ಬೂಷ್ಟು

ಆಮೆಯ ಚಿಪ್ಪೆಂದರೆ ಅದು ಬೆನ್ನಮೇಲೆ ಹೊತ್ತು ತಿರುಗುವ ಕಲ್ಲಿನ ಮನೆಯೆಂದು ಅನೇಕರು ಭಾವಿಸುವುದುಂಟು. ಇದು ಸರಿಯಲ್ಲ. ಚಿಪ್ಪು ಅದರ ದೇಹದ ಸಜೀವ ಭಾಗ. ಒಳಪದರವು ಬೆನ್ನೆಲುಬು, ಪಕ್ಕೆಲುಬುಗಳೊಡನೆ ಬೆಸೆದುಕೊಂಡ ಮೂಳೆ. ಅದರಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ಮೂಳೆಯ ಮೇಲೆ ತೆಳುವಾದ ಚರ್ಮ. ಅದರ ಮೇಲೆ ಕೆರಾಟಿನ್ ಎಂಬ ವಸ್ತುವಿನ ಬಿಲ್ಲೆಗಳು. ನಮ್ಮ ಉಗುರು, ಹಸುವಿನ ಕೊಂಬು, ಕುದುರೆಯ ಗೊರಸುಗಳೂ ಇದೇ ವಸ್ತುವಿನವು. ಕೆಲವು ಬಗೆಯ ಬೂಷ್ಟುಗಳು, ಎಂದರೆ ಶಿಲೀಂಧ್ರಗಳು, ಈ ಬಿಲ್ಲೆಗಳಲ್ಲಿ ಬೇರೂರಬಲ್ಲವು. ಟೆಕ್ಸಾಸ್ ಆಮೆಯ ಬಿಲ್ಲೆಗಳನ್ನು ಕೆಡಿಸುತ್ತಿದ್ದ ರೋಗವೊಂದಕ್ಕೆ ಫ್ಯುಸೇರಿಯಮ್ ಕುಲದ ಶಿಲೀಂಧ್ರವು ಕಾರಣವೆಂದು 2001ರಲ್ಲಿ ತಿಳಿದುಬಂದಿತು.

ಶಿಲೀಂಧ್ರದ ಬೀಜಕಗಳು ಮಣ್ಣಿನಲ್ಲಿ ಎಲ್ಲೆಡೆಯೂ ಇರುತ್ತವೆ. ಹಾಗಿದ್ದರೂ ಎಲ್ಲ ಆಮೆಗಳಿಗೂ ರೋಗ ತಗಲುವುದಿಲ್ಲವೇಕೆ? ಉತ್ತರವು ನೀರಿನ ವರ್ತನೆಯಲ್ಲಿದೆ. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಮೇಲೇರಿಸುವ ಲೋಮನಾಳಾಕರ್ಷಣೆಯೇ ಬಿಲ್ಲೆಗಳ ನಡುವಣ ಸಂದುಗಳೊಳಕ್ಕೂ ಗೀರುಗಳೊಳಕ್ಕೂ ನೀರನ್ನು ಎಳೆಯುತ್ತದೆ. ಚಿಪ್ಪಿನ ಮೇಲ್ಮೈ ಬೇಗನೆ ಆರಿದರೂ ಸಂದಿನೊಳಗಿನ ನೀರು ಬೇಗ ಆರದು. ಸುತ್ತಣ ಗಾಳಿ ನಿಶ್ಚಲವಾಗಿದ್ದು ನೀರಾವಿಯಿಂದ ತುಂಬಿದ್ದರೆ ಅಲ್ಲಿ ತೇವವು ದಿನಗಟ್ಟಲೆ ನಿಲ್ಲುತ್ತದೆ. ಬೂಷ್ಟಿಗೆ ಬೇಕಾದುದು ಇದೇ.

ಮೆಡಿಟರೇನಿಯನ್ ತೀರದ ಒಣ ಇಳಿಜಾರುಗಳಲ್ಲಿ ವಾಸಿಸುವ ಹರ್ಮನ್ ಆಮೆಯನ್ನು ಯೂರೋಪಿನಲ್ಲಿ ಅನೇಕರು ಸಾಕುತ್ತಾರೆ. ಅದನ್ನು ಒದ್ದೆ ಮಣ್ಣಿನ ಪೆಟ್ಟಿಗೆಯಲ್ಲಿ ತಂಪಾಗಿ ಇಟ್ಟರೆ ಕೇಡು ಇಮ್ಮಡಿಯಾಗುತ್ತದೆ. ಆಮೆಗೆ ಸ್ವಂತ ಮೈಕಾವು ಇಲ್ಲ. ಮೈ ತಣ್ಣಗಾದಂತೆ ಅದರ ರೋಗನಿರೋಧಕ ಶಕ್ತಿಯೂ ಕುಂದುತ್ತದೆ. ಆದುದರಿಂದ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರುವಂತೆ ದೀಪವಿಡಬೇಕು. ಅತಿನೇರಳೆ ಕಿರಣಗಳೂ ಬೇಕು. ಮೂಳೆ ಗಟ್ಟಿಯಾಗಲು ಅಗತ್ಯವಾದ ಡಿ ವಿಟಮಿನ್ ಚರ್ಮದಲ್ಲಿ ಅವುಗಳಿಂದಲೇ ಉಂಟಾಗುತ್ತದೆ. ಕಿಟಕಿಯ ಗಾಜು ಈ ಕಿರಣಗಳ ಬಹುಭಾಗವನ್ನು ತಡೆಯುವುದರಿಂದ ಗಾಜಿನ ಹಿಂದಣ ಬಿಸಿಲು ಸಾಲದು. ಗಾಳಿಯಾಡಲು ಅವಕಾಶ, ಸದಾ ಒಣಗಿರುವ ಒಂದು ಜಾಗ, ಕೊಳೆತ ಮೇವನ್ನು ದಿನವೂ ತೆಗೆಯುವ ಅಭ್ಯಾಸ — ಇವಿಷ್ಟೇ ಮುಖ್ಯವಾದ ತಡೆ. ಹಾಗೆಂದು ತೇವವನ್ನೆಲ್ಲ ನೀಗಿಸಬಾರದು. ಮರಿಗಳ ಚಿಪ್ಪು ಸಮನಾಗಿ ಬೆಳೆಯಲು ಗಾಳಿಯಲ್ಲಿ ಸ್ವಲ್ಪ ತೇವವಿರಬೇಕು. ಕುಡಿಯಲು ನೀರಂತೂ ಇರಲೇಬೇಕು.

ರೋಗವನ್ನು ಗುರುತಿಸುವುದು ಹೇಗೆ? ಬಿಲ್ಲೆಯ ಮೇಲೆ ಬಿಳಿಯ ಅಥವಾ ಬೂದು ಬಣ್ಣದ ಹುಡಿಯಂಥ ಕಲೆ ಕಾಣಿಸಿ, ದಿನೇ ದಿನೇ ಹರಡುತ್ತದೆ. ಬಿಲ್ಲೆ ಪದರುಪದರಾಗಿ ಏಳುತ್ತದೆ. ಆದರೆ ಸಂದಿನ ಉದ್ದಕ್ಕೂ ಸಮನಾಗಿ ಕಾಣುವ ಗಟ್ಟಿಯಾದ ಬಿಳಿಗೆರೆ ಹೊಸ ಬೆಳವಣಿಗೆಯಿರಬಹುದು. ಗಡಸುನೀರು ಆರಿದಾಗ ಉಳಿಯುವ ಸುಣ್ಣದ ಕಲೆಯೂ ಬಿಳಿಯೇ. ಚಿಪ್ಪು ಮೆತ್ತಗಾಗಿದ್ದರೆ, ದುರ್ವಾಸನೆ ಬಂದರೆ, ಕೀವು ಅಥವಾ ರಕ್ತ ಒಸರಿದರೆ ಸೋಂಕು ಆಳಕ್ಕಿಳಿದಿದೆಯೆಂದು ಅರ್ಥ. ಆಗ ಮನೆಮದ್ದಿಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬ್ಯಾಕ್ಟೀರಿಯಗಳೂ ಇಂಥದೇ ಲಕ್ಷಣಗಳನ್ನು ಉಂಟುಮಾಡುತ್ತವೆ. ಕೆರೆದು ತೆಗೆದ ಹುಡಿಯನ್ನು ಪರೀಕ್ಷಿಸಿಯೇ ಕಾರಣವನ್ನು ನಿರ್ಧರಿಸಬೇಕಾಗುತ್ತದೆ.

ಮೇಲುಮೇಲಿನ ಸೋಂಕಾದರೆ ಆಮೆಯನ್ನು ಒಣಜಾಗದಲ್ಲಿ ಬೇರೆಯಾಗಿರಿಸಿ, ಉಗುರುಬೆಚ್ಚನೆಯ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ಚಿಪ್ಪನ್ನು ತೊಳೆದು, ಪೂರ್ತಿಯಾಗಿ ಒರಸಬೇಕು. ಬಳಿಕ ತಿಳಿಚಹದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೊಡೀನನ್ನು ಹಚ್ಚಿ, ಕೆಲವು ನಿಮಿಷ ಬಿಟ್ಟು, ತೊಳೆದು ಮತ್ತೆ ಒಣಗಿಸಬೇಕು. ಶಿಲೀಂಧ್ರನಾಶಕ ಮುಲಾಮನ್ನು ವೈದ್ಯರು ಹೇಳಿದಂತೆ ಮಾತ್ರ ಹಚ್ಚಬೇಕು. ಹೊಳಪು ಬರಲೆಂದು ಎಣ್ಣೆ ಸವರುವುದು ಪ್ರಮಾದ. ಎಣ್ಣೆಯ ಪೊರೆಯು ಸಂದಿನ ತೇವವನ್ನು ಒಳಗೇ ಸೆರೆಹಿಡಿಯುತ್ತದೆ. ಕೆಟ್ಟ ಬಿಲ್ಲೆ ಸರಿಹೋಗುವುದಿಲ್ಲ. ಅದರ ಕೆಳಗೆ ಹೊಸದು ಬೆಳೆಯಬೇಕು. ಇದಕ್ಕೆ ತಿಂಗಳುಗಳೇ ಬೇಕಾಗುವುದರಿಂದ ತಾಳ್ಮೆ ಅವಶ್ಯಕ.

ಕೊನೆಯದಾಗಿ ಒಂದು ಮಾತು. ನಮ್ಮ ಕುರುಚಲು ಕಾಡುಗಳ ನಕ್ಷತ್ರ ಆಮೆಯನ್ನು ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ 2019ರಲ್ಲಿ ನಿಷೇಧಿಸಲಾಯಿತು. ಗಾಯಗೊಂಡ ಅಥವಾ ಬೂಷ್ಟು ಹಿಡಿದ ಇಂಥ ಆಮೆ ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದೇ ನಾವು ಅದಕ್ಕೆ ಮಾಡಬಹುದಾದ ಚಿಕಿತ್ಸೆ.