ಒಂಬತ್ತು ಪಟ್ಟಿಯ ಕೂಸಿನ ಕೌದಿ

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನದ ಸುತ್ತ ಮಾರ್ಗಶಿರ, ಪುಷ್ಯದ ಬೆಳಗುಗಳು ತಣ್ಣಗಿರುತ್ತವೆ. ಆ ದಿನಗಳಲ್ಲಿ ಬಾಣಂತಿ ಇರುವ ಮನೆಯವರು ಪೇಟೆಯಿಂದ ಮಿರುಗುವ ಪಾಲಿಯೆಸ್ಟರ್ ಹೊದಿಕೆ ತರುತ್ತಾರೆ. ಅದು ಬೆವರು ಹೀರುವುದಿಲ್ಲ. ಕೂಸಿನ ಮೈಗೆ ಹಿತವಾದ ಬಟ್ಟೆ ಮನೆಯ ಬೀರುವಿನಲ್ಲೇ ಇರುತ್ತದೆ: ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ಪಂಚೆ.

ಈ ಬಟ್ಟೆಯಿಂದ ಕೌದಿ ಹೊಲಿಯುವುದು ಕಷ್ಟವಲ್ಲ. ಹಾಸನದ ಜವಳಿ ವಿಶೇಷ ಆರ್ಥಿಕ ವಲಯದಲ್ಲಿ ಹೊರದೇಶಗಳಿಗೆ ಹೋಗುವ ಹಾಸಿಗೆ ಬಟ್ಟೆ ತಯಾರಾಗುತ್ತದೆ. ಶಾಂತಿಗ್ರಾಮದ ಕಡೆಯ ಹಳ್ಳಿಗಳಲ್ಲಿ ಗಾರ್ಮೆಂಟ್ಸ್ ಕೆಲಸ ಬಲ್ಲ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ನೇರ ಹೊಲಿಗೆ ಹಾಕಲು ಬಂದರೆ ಸಾಕು, ಈ ಪಟ್ಟಿ ಕೌದಿ ಯಾರ ಕೈಗಾದರೂ ಒಲಿಯುತ್ತದೆ. ಸಿದ್ಧವಾದಾಗ ಸುಮಾರು 36 ಇಂಚು ಅಗಲ, 40 ಇಂಚು ಉದ್ದ ಬರುತ್ತದೆ.

ಬೇಕಾಗುವ ಸಾಮಗ್ರಿ

• ಮೇಲ್ಪದರಕ್ಕೆ: ಮೂರು ಬಣ್ಣದ ಹತ್ತಿ ಬಟ್ಟೆ, 44 ಇಂಚು ಪನ್ನದ್ದು, ತಲಾ ಅರ್ಧ ಮೀಟರ್. ಹಳೆ ಸೀರೆಯಾದರೂ ಆದೀತು.
• ನಡುಪದರಕ್ಕೆ: ಹಳೆಯ ಬಿಳಿ ಪಂಚೆ, ಎರಡು ಮಡಿಕೆ, 38 × 42 ಇಂಚು.
• ಅಡಿಪದರಕ್ಕೆ: ಗಟ್ಟಿಯಿರುವ ಹತ್ತಿ ಸೀರೆಯ ತುಂಡು, 40 × 44 ಇಂಚು.
• ಹತ್ತಿ ದಾರ, ಕೈಸೂಜಿ, ಮಷೀನಿಗೆ 14 ನಂಬರ್ ಸೂಜಿ, ಟೇಪು, ಸ್ಕೇಲು, ಸೀಮೆಸುಣ್ಣ, ಗುಂಡುಪಿನ್ನು, ಇಸ್ತ್ರಿ ಪೆಟ್ಟಿಗೆ.

ಜರಿ ಅಂಚು, ಮಣಿ, ಮಿಂಚು, ಗುಂಡಿ ಯಾವುದೂ ಬೇಡ. ಜರಿ ಎಳೆಯ ಚರ್ಮವನ್ನು ಗೀರುತ್ತದೆ, ಕಿತ್ತುಬಂದ ಮಣಿ ಮಗುವಿನ ಬಾಯಿ ಸೇರುತ್ತದೆ.

1. ಬಟ್ಟೆ ಒಗೆದು ಪರೀಕ್ಷಿಸಿ

ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಒಗೆಯದೆ ಹೊಲಿದರೆ ಮುಂದೆ ಕೌದಿ ಸೊಟ್ಟಗಾಗುತ್ತದೆ. ಕಡುಗೆಂಪು, ಕಡುನೀಲಿ ಬಟ್ಟೆಗಳನ್ನು ಬಿಳಿ ಚಿಂದಿಯೊಂದರ ಜೊತೆ ಬಿಸಿನೀರಿನಲ್ಲಿ ನೆನೆಸಿಡಿ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಕೂಸಿಗೆ ಬಳಸಬೇಡಿ. ಹಳೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳುಗಳಿಂದ ಎಳೆದು ನೋಡಿ. ನೆರಿಗೆ ಬೀಳುವ ಭಾಗ ಸಾಮಾನ್ಯವಾಗಿ ಸವೆದಿರುತ್ತದೆ, ಅದನ್ನು ಬಿಟ್ಟುಬಿಡಿ.

2. ಪಟ್ಟಿ ಕತ್ತರಿಸಿ

ಬಟ್ಟೆಗೆ ಇಸ್ತ್ರಿ ಹಾಕಿ. ಪ್ರತಿ ಬಣ್ಣದಲ್ಲಿ ಮೂರರಂತೆ, ನಾಲ್ಕೂವರೆ ಇಂಚು ಅಗಲ, 40 ಇಂಚು ಉದ್ದದ ಒಂಬತ್ತು ಪಟ್ಟಿ ಬೇಕು. ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ಎರಡು ತುದಿಯಲ್ಲಷ್ಟೇ ಅಲ್ಲ, ನಡುವೆಯೂ ಅಳತೆ ಗುರುತು ಮಾಡಿ. ಪಟ್ಟಿಗಳ ಅಗಲ ಒಂದೇ ಸಮ ಇದ್ದರೆ ಅರ್ಧ ಕೆಲಸ ಮುಗಿದಂತೆ.

3. ಬಣ್ಣ ಜೋಡಿಸಿ

ಪಟ್ಟಿಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಒಂದೇ ಬಣ್ಣ ಅಕ್ಕಪಕ್ಕ ಬರದಂತೆ, ಗಾಢ ಪಟ್ಟಿಯ ಪಕ್ಕ ತಿಳಿಬಣ್ಣ ಬರುವಂತೆ ಇಡಿ. ಕ್ರಮ ಒಪ್ಪಿಗೆಯಾದ ಮೇಲೆ ಪ್ರತಿ ಪಟ್ಟಿಯ ಉಲ್ಟಾ ಬದಿಯಲ್ಲಿ 1ರಿಂದ 9ರವರೆಗೆ ಸಂಖ್ಯೆ ಬರೆಯಿರಿ.

4. ಪಟ್ಟಿಗೆ ಪಟ್ಟಿ ಹೊಲಿಯಿರಿ

ಒಂದು ಮತ್ತು ಎರಡನೇ ಪಟ್ಟಿಗಳ ಸೀದಾ ಬದಿಗಳು ಒಳಗೆ ಬರುವಂತೆ ಇಟ್ಟು, ಪಿನ್ನು ಹಾಕಿ, ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಯಿರಿ. ಮಷೀನಿನ ಸೂಜಿಯಿಂದ ಬಲಕ್ಕೆ ಕಾಲು ಇಂಚು ಅಳೆದು ಪ್ಲೇಟಿನ ಮೇಲೆ ಅಂಟುಪಟ್ಟಿಯ ತುಂಡು ಹಚ್ಚಿಕೊಂಡರೆ ಬಟ್ಟೆಯ ಅಂಚು ಅದರ ಪಕ್ಕದಲ್ಲೇ ಸಾಗುತ್ತದೆ.

ಮೊದಲ ಹೊಲಿಗೆಯನ್ನು ಮೇಲಿನಿಂದ ಕೆಳಕ್ಕೆ ಹಾಕಿದ್ದರೆ ಮುಂದಿನದನ್ನು ಕೆಳಗಿನಿಂದ ಮೇಲಕ್ಕೆ ಹಾಕಿ. ಮಷೀನು ಅಡಿಯ ಬಟ್ಟೆಯನ್ನು ಮೇಲಿನದಕ್ಕಿಂತ ತುಸು ಬೇಗ ಎಳೆಯುತ್ತದೆ. ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಹೊಲಿದರೆ ಕೌದಿ ಬಿಲ್ಲಿನಂತೆ ಬಾಗುತ್ತದೆ. ಒಂಬತ್ತೂ ಪಟ್ಟಿ ಕೂಡಿದ ಮೇಲೆ ಹೊಲಿಗೆಯ ಅಂಚುಗಳನ್ನು ಗಾಢ ಬಣ್ಣದ ಕಡೆ ಮಡಿಸಿ ಇಸ್ತ್ರಿ ಹಾಕಿ. ಆಗ ಅಂಚು ತಿಳಿಬಣ್ಣದ ಬಟ್ಟೆಯಡಿ ಎದ್ದು ಕಾಣುವುದಿಲ್ಲ.

5. ಮೂರು ಪದರ ಸೇರಿಸಿ

ಅಡಿಪದರವನ್ನು ಸೀದಾ ಬದಿ ಕೆಳಗಿರುವಂತೆ ಶುಚಿಯಾದ ನೆಲದ ಮೇಲೆ ಬಿಗಿಯಾಗಿ ಹಾಸಿ. ಅದರ ಮೇಲೆ ಪಂಚೆ, ಅದರ ಮೇಲೆ ಪಟ್ಟಿಯ ಪದರವನ್ನು ಸೀದಾ ಬದಿ ಮೇಲಿರುವಂತೆ ಇಡಿ. ಸುಕ್ಕನ್ನು ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಅಂಗೈ ಅಗಲಕ್ಕೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿ. ಈ ಕೆಲಸಕ್ಕೆ ಆತುರ ಬೇಡ. ಇಲ್ಲಿ ಸಡಿಲಾದರೆ ಮುಂದೆ ಅಡಿಪದರ ಗಂಟುಕಟ್ಟುತ್ತದೆ.

6. ಕೈಹೊಲಿಗೆ ಹಾಕಿ

ಕೌದಿಗೆ ಜೀವ ಬರುವುದು ಕೈಹೊಲಿಗೆಯಿಂದ. ಪ್ರತಿ ಪಟ್ಟಿಯಲ್ಲಿ ಮೂರು ಸಾಲು: ಎರಡು ಜೋಡುಗಳಿಂದ ಕಾಲು ಇಂಚು ಒಳಗೆ ಒಂದೊಂದು, ನಡುವೆ ಒಂದು. ಸೂಜಿ ಮೂರೂ ಪದರ ದಾಟಬೇಕು. ಒಂದೊಂದು ಹೊಲಿಗೆ ಕಾಲು ಇಂಚಿಗಿಂತ ದೊಡ್ಡದಾಗಬಾರದು. ಕೂಸಿನ ಬೆರಳು ಸಿಕ್ಕಿಕೊಳ್ಳುವಷ್ಟು ಉದ್ದದ ಎಳೆ ಮೇಲೆ ಕಾಣಬಾರದು. ದಾರದ ಗಂಟನ್ನು ಪದರಗಳ ನಡುವೆ ಅಡಗಿಸಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಚಿಂದಿ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತಾ, ಸುತ್ತ ಹೊಲಿಯುತ್ತಾ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ನಮ್ಮ ಪಟ್ಟಿ ಕೌದಿಯ ದಿಕ್ಕು ಇದಕ್ಕೆ ತಿರುವುಮುರುವು. ಪದರಗಳನ್ನು ಮೊದಲೇ ಪೇರಿಸಿರುವುದರಿಂದ ನಡುವಿನ ಪಟ್ಟಿಯಿಂದ ಹೊರಟು ಎರಡೂ ಪಕ್ಕಕ್ಕೆ ಸಾಗಬೇಕು. ಆಗ ಉಬ್ಬಿದ ಬಟ್ಟೆ ಅಂಚಿನ ಕಡೆ ಸರಿಯುತ್ತದೆ.

7. ಅಂಚು ಕಟ್ಟಿ

ನಡುಪದರವನ್ನು ಪಟ್ಟಿಯ ಅಂಚಿಗೆ ಸರಿಯಾಗಿ ಕತ್ತರಿಸಿ. ಅಡಿಪದರವನ್ನು ಮಾತ್ರ ಸುತ್ತಲೂ ಒಂದು ಇಂಚು ಉಳಿಸಿ ಕತ್ತರಿಸಿ. ಉಳಿದ ಬಟ್ಟೆಯನ್ನು ಅರ್ಧ ಇಂಚು ಒಳಕ್ಕೆ ಮಡಿಸಿ, ಮತ್ತೆ ಮೇಲ್ಪದರದ ಮೇಲೆ ಮಡಿಸಿ ಹೊಲಿಯಿರಿ. ಮೂಲೆಗಳಲ್ಲಿ ಎರಡು ಸಲ ಹೊಲಿಗೆ ಹಾಕಿ, ಮೊದಲು ಸವೆಯುವುದು ಅವೇ. ಕೊನೆಗೆ ಕಚ್ಚಾ ಹೊಲಿಗೆ ಬಿಚ್ಚಿ, ಪಿನ್ನುಗಳನ್ನು ಎಣಿಸಿ. ಹಾಕಿದಷ್ಟೂ ಕೈಗೆ ಬಂದಿರಬೇಕು. ಒಂದು ಕಡಿಮೆಯಾದರೂ ಕೌದಿಯನ್ನು ಪೂರ್ತಿ ತಡವಿ ಹುಡುಕದೆ ಮಗುವಿನ ಬಳಿ ತರಬೇಡಿ.

ಬಳಸುವಾಗ ಎಚ್ಚರ

ಒಂದು ವರ್ಷ ತುಂಬದ ಮಗು ನಿದ್ದೆ ಮಾಡುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು ಇಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಟ್ಟೆ ಬಿದ್ದರೆ ಸರಿಸಿಕೊಳ್ಳುವ ಶಕ್ತಿ ಕೂಸಿಗಿರುವುದಿಲ್ಲ. ಅಲ್ಲಿಯವರೆಗೆ ಕೌದಿಯನ್ನು ಮಗು ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸಲು, ಮಡಿಲಲ್ಲಿ ಎತ್ತಿಕೊಂಡಾಗ ಕಾಲಿಗೆ ಹೊದೆಸಲು ಬಳಸಿ. ತೊಟ್ಟಿಲಲ್ಲಿ ಮಲಗಿಸಿದಾಗ ಚಳಿಗೆ ಮೈತುಂಬ ಅಂಗಿ ಹಾಕಿದರೆ ಸಾಕು.

ಒಗೆಯಲು ಸೌಮ್ಯ ಸೋಪು ಬಳಸಿ, ಸೋಪು ಉಳಿಯದಂತೆ ಚೆನ್ನಾಗಿ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಿ. ಪದರ ತೆಳುವಾದ್ದರಿಂದ ಬೇಗ ಆರುತ್ತದೆ.

ಪಟ್ಟಿ ಕೌದಿಯ ದೊಡ್ಡ ಲಾಭವೆಂದರೆ ದುರಸ್ತಿ ಸುಲಭ. ಒಂದು ಪಟ್ಟಿ ಹರಿದರೆ ಅದರ ಮೇಲೆ ಹೊಸ ಪಟ್ಟಿ ಇಟ್ಟು, ಅಂಚು ಒಳಕ್ಕೆ ಮಡಿಸಿ ಹೊಲಿಯಬಹುದು. ಮಗು ಬೆಳೆದಾಗ ಒಂದು ಬದಿಯ ಅಂಚು ಬಿಚ್ಚಿ, ಮೂರೂ ಪದರಕ್ಕೆ ಬಟ್ಟೆ ಸೇರಿಸಿ ಮತ್ತೆ ಮೂರು ಪಟ್ಟಿ ಕೂಡಿಸಿದರೆ ಅಗಲ 48 ಇಂಚಾಗುತ್ತದೆ. ಹಾಗಾಗಿ ಹಳೆ ಹತ್ತಿ ಬಟ್ಟೆಯನ್ನು ಪಾತ್ರೆಯವನಿಗೆ ಹಾಕುವ ಮುನ್ನ ನಾಲ್ಕೂವರೆ ಇಂಚಿನ ಕೆಲವು ಪಟ್ಟಿ ಕತ್ತರಿಸಿ ಎತ್ತಿಡಿ.