ಬ್ರಾಡ್‌ಬ್ಯಾಂಡ್ ಬದಲಾಯಿಸುವ ಮುನ್ನ ಮನೆಯ ರೂಟರ್ ಪರೀಕ್ಷೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ರೈತರಿಗೆ ಹದಿನೆಂಟು ವರ್ಷಗಳಿಂದ ಹೇಳುತ್ತಾ ಬಂದವನು ನಾನು. ಆದರೆ ಎರಡು ವರ್ಷಗಳ ಹಿಂದೆ ಮಲೆನಾಡಿನ ನಮ್ಮ ತೋಟದ ಮನೆಯ ಬ್ರಾಡ್‌ಬ್ಯಾಂಡ್ ಬದಲಾಯಿಸುವಾಗ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ತಿಂಗಳಿಗೆ ಇನ್ನೂರು ರೂಪಾಯಿ ಉಳಿಯುತ್ತದೆ, ವೇಗವೂ ಹೆಚ್ಚು ಎಂದು ಒಪ್ಪಿಕೊಂಡೆ. ಕೆಲಸದವರು ಅರ್ಧ ಗಂಟೆಯಲ್ಲಿ ಹಳೆಯ ಪೆಟ್ಟಿಗೆ ಕಿತ್ತು ಹೊಸದನ್ನು ಕೂಡಿಸಿ ಹೋದರು.

ಆ ಸಂಜೆಯೇ ತೊಂದರೆ ಆರಂಭವಾಯಿತು. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ಪಟ್ಟಣದಿಂದಲೇ ಕ್ಯಾಮೆರಾದಲ್ಲಿ ನೋಡುತ್ತಿದ್ದೆ, ಅದು ಕಾಣದಾಯಿತು. ತೋಟದ ತೇವಾಂಶ ಮಾಪಕ ಅಂಕಿ ಕಳುಹಿಸುವುದನ್ನು ನಿಲ್ಲಿಸಿತು. ಅಮ್ಮನ ಸ್ಥಿರ ದೂರವಾಣಿ ಸ್ತಬ್ಧವಾಯಿತು. ಮರುದಿನ ಕರೆಂಟು ಹೋದಾಗ ಇಂಟರ್‌ನೆಟ್ಟೂ ಹೋಯಿತು. ಮೊಬೈಲ್ ಸಿಗ್ನಲ್ ಸಿಗದ ಆ ಕಣಿವೆಯಲ್ಲಿ ಎಪ್ಪತ್ತನಾಲ್ಕು ವರ್ಷದ ಅಮ್ಮ ಹನ್ನೊಂದು ದಿನ ಫೋನಿಲ್ಲದೆ ಇದ್ದರು. ಹೊಸ ಲೈನಿನಲ್ಲಿ ದೋಷವೇನೂ ಇರಲಿಲ್ಲ. ಹಳೆಯ ಪೆಟ್ಟಿಗೆ ಏನೇನು ಕೆಲಸ ಮಾಡುತ್ತಿತ್ತೆಂದು ಮೊದಲೇ ಪಟ್ಟಿ ಮಾಡದೆ ಇದ್ದದ್ದು ನನ್ನ ತಪ್ಪು.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ರಾಷ್ಟ್ರೀಯ ಯೋಜನೆಗೆ 2011ರಲ್ಲಿ ಮಂಜೂರಾತಿ ದೊರೆಯಿತು. 2015ರಿಂದ ಅದು ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಇಂದು ಅನೇಕ ಹಳ್ಳಿಗಳಲ್ಲಿ ಸಂಪರ್ಕ ಕೊಡಲು ಎರಡು ಮೂರು ಕಂಪನಿಗಳಿವೆ. ಪಹಣಿ, ಮಾರುಕಟ್ಟೆ ಧಾರಣೆ, ಮಕ್ಕಳ ಪಾಠ ಎಲ್ಲವೂ ಈ ತಂತಿಯಲ್ಲೇ ಬರುತ್ತವೆ. ಆದ್ದರಿಂದ ಬದಲಾಯಿಸುವ ಮುನ್ನ ಪರೀಕ್ಷಿಸಬೇಕಾದ ಅಂಶಗಳನ್ನು ಇಲ್ಲಿ ಕೊಟ್ಟಿದೆ.

ರೂಟರ್ ಎಂದರೇನು?

ಹೊರಗಿನಿಂದ ಬರುವ ಒಂದೇ ಸಂಪರ್ಕವನ್ನು ಮನೆಯ ಹಲವು ಉಪಕರಣಗಳಿಗೆ ಹಂಚುವ ಸಾಧನವೇ ರೂಟರ್. ಈಗಿನ ಫೈಬರ್ ಪೆಟ್ಟಿಗೆಗಳಲ್ಲಿ ನಾಲ್ಕು ಕೆಲಸಗಳು ಒಟ್ಟಿಗೆ ಇರುತ್ತವೆ: ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು, ಸಂಪರ್ಕವನ್ನು ಹಂಚುವುದು, ವೈಫೈ ಬಿತ್ತರಿಸುವುದು ಮತ್ತು ದೂರವಾಣಿ ನಡೆಸುವುದು. ಪೆಟ್ಟಿಗೆ ಬದಲಾದರೆ ಈ ನಾಲ್ಕೂ ಬದಲಾಗುತ್ತವೆ ಎಂಬುದನ್ನು ಮರೆಯಬಾರದು.

ಪರೀಕ್ಷಿಸಬೇಕಾದ ಅಂಶಗಳು

1. ಪೆಟ್ಟಿಗೆ ಯಾರದು? ಹೊಸ ಲೈನಿಗೆ ಹೊಂದುವುದೇ?

ಹಳೆಯ ರೂಟರನ್ನು ಹಣ ಕೊಟ್ಟು ಕೊಂಡದ್ದೇ ಅಥವಾ ಕಂಪನಿಯು ಠೇವಣಿ ಪಡೆದು ಕೊಟ್ಟದ್ದೇ ಎಂಬುದನ್ನು ರಸೀದಿಯಲ್ಲಿ ನೋಡಿ. ಕಂಪನಿಯದಾದರೆ ಹಿಂದಿರುಗಿಸಿ ಠೇವಣಿ ಪಡೆಯಬೇಕಾಗುತ್ತದೆ. ಸ್ವಂತದ್ದಾದರೂ ಹೊಸ ಲೈನಿಗೆ ಹೊಂದುತ್ತದೆಂದು ಭಾವಿಸಕೂಡದು. ಫೈಬರ್ ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ಕಂಪನಿಯು ತನ್ನ ಕೇಂದ್ರದಲ್ಲಿ ನೋಂದಾಯಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹಳೆಯ ದೂರವಾಣಿ ತಾಮ್ರದ ತಂತಿಯ ಮೋಡೆಮ್ ಫೈಬರಿಗೆ ಬಾರದು. ಟವರಿನಿಂದ ಗಾಳಿಯ ಮೂಲಕ ಬರುವ ಸಂಪರ್ಕಕ್ಕೆ ಫೈಬರ್ ಪೆಟ್ಟಿಗೆ ಬಾರದು.

ಹಳೆಯ ಪೆಟ್ಟಿಗೆಯನ್ನು ಇಟ್ಟುಕೊಳ್ಳಲು ಅವಕಾಶವಿದ್ದರೆ, ಹೊಸ ಪೆಟ್ಟಿಗೆಗೆ ಕೇಬಲ್ ಮೂಲಕ ಜೋಡಿಸಿ, ವೈಫೈ ಬಿತ್ತರಿಸುವ ಕೆಲಸಕ್ಕಷ್ಟೇ ಅದನ್ನು ದೂರದ ಕೋಣೆಯಲ್ಲಿ ಬಳಸಬಹುದು. ಆದರೆ ವಿಳಾಸ ಹಂಚುವ ಕೆಲಸವನ್ನು ಎರಡರಲ್ಲಿ ಒಂದು ಮಾತ್ರ ಮಾಡುವಂತೆ ಹೊಂದಿಸಬೇಕು.

2. ವೇಗವನ್ನು ತಡೆಯುವ ಭಾಗ ಯಾವುದು?

ಸಾರಜನಕ ಎಷ್ಟೇ ಕೊಟ್ಟರೂ ಪೊಟ್ಯಾಷ್ ಕೊರತೆಯಿದ್ದರೆ ಇಳುವರಿ ಏರುವುದಿಲ್ಲ. ಇಲ್ಲಿಯೂ ಅದೇ ನಿಯಮ. ಕೆಲವು ರೂಟರುಗಳ ಕೇಬಲ್ ರಂಧ್ರಗಳು 100 ಎಂಬಿಪಿಎಸ್ ಮಿತಿಯವು. ಅವುಗಳಲ್ಲಿ ಬಳಕೆಗೆ ಸಿಗುವುದು ಸುಮಾರು 94 ಮಾತ್ರ. ಅಂಥ ರಂಧ್ರದ ಮೂಲಕ ಕೆಲಸ ಮಾಡುವವರು 300 ಎಂಬಿಪಿಎಸ್ ಯೋಜನೆಗೆ ಹಣ ಕಟ್ಟಿದರೆ ವ್ಯರ್ಥ. ಗಿಗಾಬಿಟ್ ರಂಧ್ರವಿದೆಯೇ ಎಂದು ಕೇಳಿ.

ಬದಲಾಯಿಸುವ ಮುನ್ನ ಹಳೆಯ ಲೈನಿನಲ್ಲಿ ಮೂರು ಅಳತೆ ತೆಗೆದು ಬರೆದಿಡಿ: ಕಂಪ್ಯೂಟರನ್ನು ಕೇಬಲಿನಲ್ಲಿ ಜೋಡಿಸಿ ಒಂದು, ರೂಟರಿನ ಹತ್ತಿರ ವೈಫೈಯಲ್ಲಿ ಒಂದು, ದೂರದ ಕೋಣೆಯಲ್ಲಿ ಒಂದು. ಕೇಬಲಿನಲ್ಲಿ ವೇಗವಿದ್ದು ದೂರದ ಕೋಣೆಯಲ್ಲಿ ಇಲ್ಲದಿದ್ದರೆ, ಕೊರತೆ ಇರುವುದು ವೈಫೈಯಲ್ಲಿ. ಆಗ ಕಂಪನಿ ಬದಲಾಯಿಸುವ ಅಗತ್ಯವೇ ಇರಲಾರದು. ರೂಟರಿನ ಸ್ಥಳ ಬದಲಾಯಿಸಿದರೆ ಸಾಕಾಗಬಹುದು.

3. ವೈಫೈ ತರಂಗ ಮತ್ತು ಹೆಸರು

ಮನೆಯ ವೈಫೈಯಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಿವೆ. ಮೊದಲನೆಯದು ನಿಧಾನವಾದರೂ ದೂರ ಸಾಗುತ್ತದೆ, ಗೋಡೆಗಳನ್ನು ದಾಟುತ್ತದೆ. ಎರಡನೆಯದು ವೇಗವಾದದ್ದು, ಆದರೆ ದಪ್ಪ ಗೋಡೆಗೆ ಬೇಗ ಸೋಲುತ್ತದೆ. ಕಡಿಮೆ ಬೆಲೆಯ ಕ್ಯಾಮೆರಾ, ಮಾಪಕ, ಸ್ವಿಚ್ಚುಗಳಲ್ಲಿ ಹೆಚ್ಚಿನವು 2.4 ಅನ್ನು ಮಾತ್ರ ಬಲ್ಲವು. ಹೊಸ ಪೆಟ್ಟಿಗೆಯಲ್ಲಿ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ನಡೆಸಲು ಅವಕಾಶವಿದೆಯೇ ಎಂದು ಕೇಳಬೇಕು.

ಉಪಕರಣಗಳು ವೈಫೈಯ ಹೆಸರು ಮತ್ತು ಗುಪ್ತಪದವನ್ನು ನೆನಪಿಟ್ಟುಕೊಂಡಿರುತ್ತವೆ. ಹೊಸ ರೂಟರಿಗೆ ಹಳೆಯ ಹೆಸರನ್ನೂ ಗುಪ್ತಪದವನ್ನೂ ಅಕ್ಷರಶಃ ಹಾಗೆಯೇ ಕೊಟ್ಟರೆ ಹೆಚ್ಚಿನವು ತಾವಾಗಿಯೇ ಕೂಡಿಕೊಳ್ಳುತ್ತವೆ. ನಮ್ಮ ತೇವಾಂಶ ಮಾಪಕ ನಿಂತದ್ದು ಈ ಒಂದು ಕಾರಣಕ್ಕೆ.

4. ಹೊರಗಿನಿಂದ ಮನೆಯ ಉಪಕರಣ ನೋಡುವ ಸೌಲಭ್ಯ

ಅಂತರ್ಜಾಲದಲ್ಲಿ ಪ್ರತಿ ಸಂಪರ್ಕಕ್ಕೂ ಐಪಿ ವಿಳಾಸ ಬೇಕು. ಹಳೆಯ ಪದ್ಧತಿಯಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ಸಂಗ್ರಹದ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಕೆಯಾಯಿತು. ಹೀಗಾಗಿ ಹಲವು ಕಂಪನಿಗಳು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತವೆ. ಒಳಗಿನಿಂದ ಹೊರಗೆ ಹೋಗಲು ಇದರಿಂದ ತೊಂದರೆಯಿಲ್ಲ. ಆದರೆ ಪೋರ್ಟ್ ಫಾರ್ವರ್ಡಿಂಗ್ ಎಂಬ ವ್ಯವಸ್ಥೆಯಿಂದ ಹೊರಗಿನಿಂದ ನೇರವಾಗಿ ನೋಡುವ ಹಳೆಯ ಕ್ಯಾಮೆರಾ ರೆಕಾರ್ಡರುಗಳು ಕಾಣದಾಗುತ್ತವೆ.

ಪರೀಕ್ಷೆ ಸುಲಭ. ಈಗಾಗಲೇ ಆ ಕಂಪನಿಯ ಸಂಪರ್ಕವಿರುವ ನೆರೆಯವರ ರೂಟರಿನ ಸ್ಥಿತಿ ಪುಟದಲ್ಲಿ, ಅವರ ಒಪ್ಪಿಗೆ ಪಡೆದು, ವ್ಯಾನ್ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಅಂಕಿಗಳಿಂದ ಅಥವಾ 10ರಿಂದ ಆರಂಭವಾದರೆ ಹಂಚಿಕೆಯ ವಿಳಾಸವೆಂದು ತಿಳಿಯಬೇಕು. ಆಗ ಸ್ವಂತ ವಿಳಾಸಕ್ಕೆ ಬೇರೆ ಶುಲ್ಕವೆಷ್ಟು ಎಂದು ಕೇಳಿ, ಅಥವಾ ತಯಾರಕರ ಆ್ಯಪ್ ಮೂಲಕ ನೋಡುವ ಕ್ಯಾಮೆರಾ ಬಳಸಿ.

5. ಸ್ಥಿರ ದೂರವಾಣಿ

ಪೆಟ್ಟಿಗೆಯಲ್ಲಿ ದೂರವಾಣಿಯ ಸಣ್ಣ ರಂಧ್ರವಿದ್ದ ಮಾತ್ರಕ್ಕೆ ಫೋನ್ ನಡೆಯುವುದಿಲ್ಲ. ಯೋಜನೆಯಲ್ಲಿ ದೂರವಾಣಿ ಸೇರಿರಬೇಕು, ಕಂಪನಿಯು ಅದನ್ನು ಚಾಲೂ ಮಾಡಿರಬೇಕು. ಮೊಬೈಲ್ ಸಂಖ್ಯೆಯಂತೆ ಸ್ಥಿರ ಸಂಖ್ಯೆಯೂ ಜೊತೆಗೆ ಬರುತ್ತದೆಂದು ನಂಬಿ ಕೂರಬಾರದು. ಬ್ಯಾಂಕು, ಸೊಸೈಟಿ, ಗ್ಯಾಸ್ ಏಜೆನ್ಸಿಗಳಲ್ಲಿ ಹಳೆಯ ಸಂಖ್ಯೆ ಕೊಟ್ಟಿದ್ದರೆ ಮೊದಲು ಅದನ್ನು ಬದಲಾಯಿಸಿ. ಸಿಗ್ನಲ್ ಇಲ್ಲದ ಊರುಗಳಲ್ಲಿ, ಮೊಬೈಲಿನಲ್ಲಿ ವೈಫೈ ಕರೆ ಸೌಲಭ್ಯವಿದ್ದರೆ ಅದನ್ನೂ ಹೊಸ ಲೈನಿನಲ್ಲಿ ಪರೀಕ್ಷಿಸಬೇಕು.

6. ಕರೆಂಟು ಹೋದಾಗ

ತಾಮ್ರದ ತಂತಿಯ ಹಳೆಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಮನೆಯಲ್ಲಿ ಕರೆಂಟಿಲ್ಲದಿದ್ದರೂ ಗಂಟೆ ಬಾರಿಸುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಆದ್ದರಿಂದ ರೂಟರಿಗೆ ಬ್ಯಾಟರಿ ಅವಶ್ಯಕ.

ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿ. ವೋಲ್ಟ್ ಸಮನಾಗಿರಬೇಕು. ಬ್ಯಾಟರಿ ಕೊಡಬಲ್ಲ ಆಂಪಿಯರ್, ರೂಟರ್ ಬೇಡುವಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಪಿನ್ನಿನ ಗಾತ್ರ ಮತ್ತು ಧನ–ಋಣ ತುದಿಗಳೂ ಹೊಂದಬೇಕು. ನಮ್ಮ ಹಳೆಯ ಪೆಟ್ಟಿಗೆ 12 ವೋಲ್ಟ್, 0.5 ಆಂಪಿಯರಿನದು; ಹೊಸದು 12 ವೋಲ್ಟ್, 1.5 ಆಂಪಿಯರಿನದು. ಮನೆಯ ಬ್ಯಾಟರಿ ಕೊಡುತ್ತಿದ್ದುದು 1 ಆಂಪಿಯರ್ ಮಾತ್ರ. ಕರೆಂಟು ಹೋದಾಗ ಸಂಪರ್ಕ ಕಡಿದದ್ದು ಇದರಿಂದಲೇ. ಊರಿನ ಆಪರೇಟರ್ ಕೇಂದ್ರದಲ್ಲಿಯೂ ಬ್ಯಾಟರಿ ಇದೆಯೇ ಎಂಬುದನ್ನು ನೆರೆಯವರಲ್ಲಿ ವಿಚಾರಿಸಿ.

7. ಭದ್ರತೆ

ರೂಟರಿನ ಆಡಳಿತ ಪುಟಕ್ಕೆ ಪ್ರವೇಶ ಗ್ರಾಹಕನಿಗೆ ಸಿಗುವುದೇ ಎಂದು ಕೇಳಿ. ಕೆಲವು ಕಂಪನಿಗಳು ಅದನ್ನು ಪೂರ್ಣವಾಗಿ ಬಿಟ್ಟುಕೊಡುವುದಿಲ್ಲ. ಅಡಿಯಲ್ಲಿ ಮುದ್ರಿಸಿದ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸತಕ್ಕದ್ದು. ವೈಫೈ ರಕ್ಷಣೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ.

ಬದಲಾಯಿಸುವ ಕ್ರಮ

ಮೊದಲಿಗೆ, ಮನೆಯಲ್ಲಿ ಇಂಟರ್‌ನೆಟ್ ಬಳಸುವ ಪ್ರತಿಯೊಂದು ಉಪಕರಣವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅದು ಕೇಬಲಿನದೋ ವೈಫೈಯದೋ, ಹೊರಗಿನಿಂದ ನೋಡುವಂಥದೋ ಎಂದು ಪಕ್ಕದಲ್ಲಿ ಗುರುತು ಹಾಕಿ. ಹಳೆಯ ರೂಟರಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹೊಸ ಕಂಪನಿಯ ಉತ್ತರಗಳನ್ನು ಬರವಣಿಗೆಯಲ್ಲಿ ಅಥವಾ ಸಂದೇಶದಲ್ಲಿ ಪಡೆಯಿರಿ, ಬಾಯಿಮಾತು ಸಾಲದು.

ಹೊಸ ಲೈನು ಬಂದ ಮೇಲೆ ಹಳೆಯದನ್ನು ಹತ್ತು ದಿನವಾದರೂ ಉಳಿಸಿಕೊಳ್ಳಿ. ಪಟ್ಟಿಯಲ್ಲಿನ ಒಂದೊಂದನ್ನೇ ಪರೀಕ್ಷಿಸಿ. ಒಮ್ಮೆ ಮೇನ್ ಸ್ವಿಚ್ ಆರಿಸಿ, ಕರೆಂಟಿಲ್ಲದೆ ಎಷ್ಟು ಹೊತ್ತು ನಡೆಯುವುದೆಂದು ನೋಡಿ. ಹೊರಗಿನಿಂದ ಮನೆಯ ಫೋನಿಗೆ ಕರೆ ಮಾಡಿಸಿ. ಎಲ್ಲವೂ ಸರಿಯಿದ್ದರೆ ಮಾತ್ರ ಹಳೆಯದನ್ನು ರದ್ದುಪಡಿಸಿ. ಹಳೆಯ ಪೆಟ್ಟಿಗೆ ಹಿಂದಿರುಗಿಸುವ ಮುನ್ನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು ನಿಮ್ಮ ಗುಪ್ತಪದಗಳನ್ನು ಅಳಿಸಿ, ಮರಳಿಸಿದ್ದಕ್ಕೆ ರಸೀದಿ ಪಡೆಯಿರಿ.

ವಿಸ್ತರಣಾ ಕಾರ್ಯಕರ್ತರು ರೈತರ ಮನೆಗಳಲ್ಲಿ ಮಾಪಕ, ಕ್ಯಾಮೆರಾ ಅಳವಡಿಸುವಾಗಲೇ ಈ ಪಟ್ಟಿಯನ್ನು ಬರೆದು ರೂಟರಿನ ಬಳಿ ಗೋಡೆಗೆ ಅಂಟಿಸುವುದು ಒಳ್ಳೆಯದು. ಮುಂದೆ ಲೈನು ಬದಲಾಯಿಸಲು ಬರುವವರು ಅದನ್ನು ನೋಡಿ ಕೆಲಸ ಮಾಡಬಹುದು. ನಮ್ಮ ತೋಟದ ಮನೆಯಲ್ಲಿ ಈಗ ಅಂಥ ಹಾಳೆಯೊಂದಿದೆ. ಅದರ ಮೊದಲ ಸಾಲಿನಲ್ಲಿ ಬರೆದಿರುವುದು ಅಮ್ಮನ ಫೋನು. ಕ್ಯಾಮೆರಾ, ಮಾಪಕಗಳು ಆಮೇಲೆ.