ಜನರ ಪರವಾಗಿ ಇಮೇಲ್: ವೆಬ್‌ಸೈಟ್ ಕಟ್ಟುವವರು ಗಮನಿಸಬೇಕಾದ್ದು

ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಪತ್ರ ಬರೆದವರ ಹೆಸರಿರುತ್ತದೆ. ಮಾತು, ಸಹಿ ಜಮೀನಿನ ಒಡೆಯರದು. ಬರೆದ ಕೈ ಇನ್ನೊಬ್ಬರದು. ಎರಡನ್ನೂ ಮುಚ್ಚಿಡುವಂತಿಲ್ಲ. ಜನರ ಪರವಾಗಿ ಇಮೇಲ್ ಕಳಿಸುವ ವೆಬ್‌ಸೈಟಿಗೂ ಇದೇ ಶಿಸ್ತು ಬೇಕು.

ಚನ್ನಗಿರಿಯ ಅಡಿಕೆ ಬೆಳೆಗಾರರು, ಹೊನ್ನಾಳಿ–ನ್ಯಾಮತಿಯ ಭತ್ತ, ಮೆಕ್ಕೆಜೋಳದ ರೈತರು, 57 ಕೆರೆ ತುಂಬಿಸುವ ಯೋಜನೆಯ ಬಗ್ಗೆ ಕೇಳಬೇಕೆನ್ನುವ ಜಗಳೂರಿನವರು – ಯಾರೇ ಫಾರಂ ತುಂಬಿದರೂ ಮನವಿ ಇಮೇಲ್ ಆಗಿ ಸರ್ಕಾರಿ ಕಚೇರಿ ಸೇರಬೇಕು ಎಂದುಕೊಳ್ಳಿ. ಹೊಸಬರು ‘ಫ್ರಮ್’ ಜಾಗದಲ್ಲಿ ರೈತರ ಜಿಮೇಲ್ ವಿಳಾಸವನ್ನೇ ತುಂಬಿಬಿಡುತ್ತಾರೆ. ಆ ಪತ್ರ ಗೂಗಲ್ ಸರ್ವರಿನಿಂದ ಹೊರಟಿಲ್ಲ ಎಂಬುದು ಎದುರಿನ ಸರ್ವರಿಗೆ ತಕ್ಷಣ ತಿಳಿಯುತ್ತದೆ. ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ತನ್ನ ಹೆಸರು ಹೊತ್ತು ಬೇರೆಡೆಯಿಂದ ಬರುವ ಪತ್ರಗಳನ್ನು ತಿರಸ್ಕರಿಸಿ ಎಂದು ಯಾಹೂ 2014ರ ಏಪ್ರಿಲ್‌ನಲ್ಲೇ ಸಾರಿತ್ತು.

ಆದ್ದರಿಂದ ಮೊದಲು ಸ್ವಂತ ಡೊಮೈನ್ ಕೊಳ್ಳಿ. ‘ಫ್ರಮ್’ನಲ್ಲಿ ವಿಳಾಸ ನಿಮ್ಮ ಡೊಮೈನಿನದೇ ಇರಲಿ, ಅದರ ಪಕ್ಕದ ಹೆಸರಿನಲ್ಲಿ ‘ಇಂಥವರ ಪರವಾಗಿ’ ಎಂದು ಬರಲಿ. ‘ರಿಪ್ಲೈ-ಟು’ ಜಾಗದಲ್ಲಿ ರೈತರ ವಿಳಾಸ ಹಾಕಿ. ಅಧಿಕಾರಿ ಉತ್ತರಿಸಿದರೆ ಅದು ನೇರ ರೈತರಿಗೆ ಹೋಗುತ್ತದೆ. ಇಮೇಲ್ ಇಲ್ಲದವರ ಮೊಬೈಲ್ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಮನವಿಯೊಳಗೇ ಬರೆಯಿರಿ.

ಮುಂದಿನದು ಡಿಎನ್‌ಎಸ್ ಕೆಲಸ. ನಿಮ್ಮ ಪರವಾಗಿ ಯಾವ ಸರ್ವರ್ ಪತ್ರ ಕಳಿಸಬಹುದೆಂದು ಎಸ್‌ಪಿಎಫ್ ದಾಖಲೆ ಹೇಳುತ್ತದೆ. ಒಂದು ಡೊಮೈನಿಗೆ ಇದು ಒಂದೇ ಇರಬೇಕು. ಎರಡಿದ್ದರೆ ಎರಡೂ ಕೆಟ್ಟಂತೆ. ಡಿಕಿಮ್ ಪ್ರತಿ ಪತ್ರಕ್ಕೂ ಮುದ್ರೆ ಒತ್ತುತ್ತದೆ. ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಗೂಗಲ್ ಮೂರನ್ನೂ ಕಡ್ಡಾಯ ಮಾಡಿದೆ. ನೀವು ಕಳಿಸುವುದು ಐವತ್ತೇ ಆದರೂ ಮೂರನ್ನೂ ಹಾಕಿಸಿ.

ರೈತರ ಸ್ವಂತ ಖಾತೆಯಿಂದಲೇ ಪತ್ರ ಹೋಗಬೇಕೆಂದರೆ ಗೂಗಲ್ ಮೂಲಕ ಲಾಗಿನ್ ಮಾಡಿಸಿ, ಕಳಿಸುವ ಅನುಮತಿಯೊಂದನ್ನೇ ಕೇಳಿ. ಪಾಸ್‌ವರ್ಡನ್ನು ಮಾತ್ರ ಯಾವತ್ತೂ ಕೇಳಬೇಡಿ, ಸೈಬರ್ ಸೆಂಟರಿನ ನೋಟ್‌ಬುಕ್ಕಿನಲ್ಲಿ ಬರೆದಿಡುವುದಂತೂ ಬೇಡವೇ ಬೇಡ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ. ಫಾರಂನಲ್ಲಿ ಯಾರು ಬೇಕಾದರೂ ಯಾರ ವಿಳಾಸವನ್ನಾದರೂ ಬರೆಯಬಹುದು. ಪಕ್ಕದ ಹೊಲದವರ ಹೆಸರಲ್ಲಿ ಸುಳ್ಳು ದೂರು ಹೋದರೆ ಊರಲ್ಲಿ ಜಗಳ ಹೊತ್ತಿಕೊಳ್ಳುತ್ತದೆ. ಕಂಪ್ಯೂಟರ್ ಬಳಸಿ ಇನ್ನೊಬ್ಬರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಹಾಗಾಗಿ ವಿಳಾಸಕ್ಕೆ ಲಿಂಕ್, ಮೊಬೈಲಿಗೆ ಒಟಿಪಿ ಕಳಿಸಿ ಖಚಿತಪಡಿಸಿಕೊಳ್ಳಿ. ಆಮೇಲೆ ಪೂರ್ತಿ ಮನವಿಯನ್ನು ತೋರಿಸಿ, ಓದಲು ಬಾರದವರಿಗೆ ಓದಿ ಹೇಳಿ, ಅವರು ‘ಹೂಂ’ ಎಂದ ಮೇಲೆಯೇ ಕಳಿಸಿ.

ಹೆಸರು, ವಿಷಯದ ಸಾಲುಗಳಲ್ಲಿ ಎಂಟರ್ ಒತ್ತಿದ ಗುರುತನ್ನು ತೆಗೆದುಹಾಕಿ. ಕಿಡಿಗೇಡಿಗಳು ಅದರ ಮೂಲಕ ಬೇರೆ ವಿಳಾಸ ತುರುಕುತ್ತಾರೆ. ಕನ್ನಡ ಅಕ್ಷರ ಕೆಡದಿರಲು ಯುಟಿಎಫ್-8 ಬಳಸಿ. ನಿಮ್ಮದೇ ಜಿಮೇಲಿಗೆ ಒಂದು ಪತ್ರ ಕಳಿಸಿ ‘ಶೋ ಒರಿಜಿನಲ್’ ತೆರೆಯಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡೆ ‘ಪಾಸ್’ ಎಂದಿರಬೇಕು. ವಾಪಸಾದ ಪತ್ರಗಳನ್ನು ದಿನವೂ ನೋಡಿ ಅರ್ಜಿದಾರರಿಗೆ ತಿಳಿಸಿ.

ದಿನಾಂಕ, ಸಮಯ ಇರುವ ಒಂದು ಪ್ರತಿಯನ್ನು ತಪ್ಪದೆ ಅವರ ಕೈಗೆ ಕೊಡಿ. ಮನವಿ ಕಳಿಸಿದ್ದಕ್ಕೆ ಅವರ ಬಳಿ ಉಳಿಯುವ ದಾಖಲೆ ಅದು.